ಹಿರೂಮಾ ಅಜ್ಜಿಯ ಮೂಗು

ಗೊಂಬೆ ಮಾಡಿ ಮಾರುವ ಚಿಗುಸಾ ಈ ಸಲ ಮಾಡಿದ ವಿನೈಲ್ ರಾಕ್ಷಸಿಗೆ ಕಸದ ಚೀಲದಂಥ ಹೊಟ್ಟೆ, ಕೈಯಲ್ಲೊಂದು ಛತ್ರಿ, ಮೂಗಿನ ತುದಿಗೆ ಜಾರಿದ ಕನ್ನಡಕ. ಮುಖ ಮಾತ್ರ ಅವಳ ಬೀದಿಯ ಹಿರೂಮಾ ಅಜ್ಜಿಯದೇ. ಆ ಬೀದಿಯಲ್ಲಿ ಸುಡಬಹುದಾದ ಕಸಕ್ಕೊಂದು ದಿನ, ಸುಡಬಾರದ್ದಕ್ಕೊಂದು ದಿನ; ಎರಡೂ ಬೆರೆತದ್ದು ಕಂಡರೆ ಅಜ್ಜಿ ಚೀಲವನ್ನು ಛತ್ರಿಯಲ್ಲಿ ತಿವಿದು, ಇಟ್ಟವರ ಬಾಗಿಲಿಗೇ ವಾಪಸು ತಂದಿಡುವಳು. ಚಿಗುಸಾಳ ಚೀಲವಂತೂ ಎಷ್ಟು ಸಲ ಮನೆಗೆ ಮರಳಿತ್ತೋ! ಆ ಸಿಟ್ಟೆಲ್ಲ ಗೊಂಬೆಯ ಅಚ್ಚಿಗಿಳಿದಿತ್ತು.

ಮಕುಹಾರಿಯ ಗೊಂಬೆ ಮೇಳದಲ್ಲಿ ಬಾಗಿಲು ತೆರೆಯುತ್ತಲೇ ಅವಳ ಮಳಿಗೆಯ ಮುಂದೆ ಸಾಲು ಬೆಳೆಯಿತು. ಸಾಲಿನ ನಡುವೆ ಒಂದು ಛತ್ರಿಯೂ ಕಂಡಿತು. ಚಿಗುಸಾ ಸರಕ್ಕನೆ ಮೇಜಿನಡಿಗೆ ನುಸುಳಿದಳು.

"ರೊಕುರೋ, ನಾನಿಲ್ಲ ಅನ್ನು!"

"ಎಲ್ಲಿಗೆ ಹೋದ್ಲು ಅನ್ಲಿ?" ಎಂದ ನೆರವಿಗೆ ಬಂದಿದ್ದ ಗೆಳೆಯ.

"ಸತ್ತೋದ್ಲು ಅನ್ನು!"

ಅತ್ತ ಅಜ್ಜಿ, ನಡುವೆ ನುಗ್ಗಿದವನೊಬ್ಬನನ್ನು ತಡೆದಿದ್ದಳು. "ಏನಪ್ಪಾ, ಸಾಲಿನ ಬಾಲ ಆ ಕಡೆ ಇದೆ. ನಡಿ, ನಡಿ."

ಜನ ಮೇಜಿನ ಮೇಲಿನ ಗೊಂಬೆ ನೋಡಿದರು, ಅಜ್ಜಿಯನ್ನು ನೋಡಿದರು. "ಅಯ್ಯೋ, ಗೊಂಬೇನೇ ನಡ್ಕೊಂಡು ಬಂದಿದೆ ಕಣ್ರೋ!" ಚಪ್ಪಾಳೆ ಬಿತ್ತು. ಇದೂ ಮೇಳದ ಆಟವೆಂದೇ ಎಲ್ಲರೂ ಭಾವಿಸಿ ಫೋಟೊ ತೆಗೆದರು. ಅಜ್ಜಿ ಒಂದು ಗಳಿಗೆ ಕಕ್ಕಾಬಿಕ್ಕಿಯಾದಳು. ಆಮೇಲೆ ಮೆಲ್ಲಗೆ ಛತ್ರಿ ಎತ್ತಿ ಹಿಡಿದಳು.

ಮೇಜು ತಲುಪಿದವಳೇ ಛತ್ರಿಯ ತುದಿಯಿಂದ ಮೇಜಿನ ಬಟ್ಟೆ ಎತ್ತಿದಳು.

"ಬಾಮ್ಮಾ ಹೊರಗೆ. ಕೆಟ್ಟುಹೋದ ಗೊಂಬೆಗಳನ್ನ ತಪ್ಪು ದಿನ ಹಾಕಿದ್ಯಲ್ಲ, ಚೀಲದೊಳಗಿಂದ ನನ್ನ ಮುಖಾನೇ ನನ್ನನ್ನ ದುರುಗುಟ್ಟಿ ನೋಡ್ತಿತ್ತು! ಜೊತೆಗೆ ಈ ಮೇಳದ ಕಾಗದ ಬೇರೆ, ಅದನ್ನ ನೋಡೇ ಇಲ್ಲಿಗೆ ಬಂದೆ. ಕಾಗದಾನ ಬೇರೆ ಕಟ್ಟಿಡಬೇಕು ಅಂತ ಎಷ್ಟು ಸಲ ಹೇಳ್ಲಿ?"

"ತಪ್ಪಾಯ್ತು ಅಜ್ಜಿ..."

"ಅದಿರ್ಲಿ. ಈ ಮೂಗು ಯಾರ್ದು? ನಂದು ಹಿಂಗಿದ್ಯಾ?"

ಸಾಲಿಗೆ ಸಾಲೇ ಬಾಗಿ ಹೋಲಿಸಿ ನೋಡಿತು. "ನಿಮ್ದು ಇನ್ನೂ ಚೂಪು ಅಜ್ಜಿ," ಎಂದನೊಬ್ಬ ಗಡ್ಡದವನು.

"ಕೇಳಿಸ್ಕೊಂಡ್ಯಾ?" ಎನ್ನುತ್ತ ಅಜ್ಜಿ ಚಿಗುಸಾಳ ಕುರ್ಚಿಯಲ್ಲೇ ಕೂತುಬಿಟ್ಟಳು. ಒಂದೊಂದು ಗೊಂಬೆಗೂ ಒಂದೊಂದು ಬೈಗುಳ ಸೇರಿಸಿ ಕೊಡತೊಡಗಿದಳು. ಬೈಸಿಕೊಳ್ಳದೆ ಹೋಗಲು ಯಾರೂ ಒಪ್ಪಲಿಲ್ಲ. "ನಂಗೆ ಸ್ವಲ್ಪ ಜೋರಾಗಿ ಬೈರಿ ಅಜ್ಜಿ," ಎಂದು ಗಡ್ಡದವನು ಕೈಮುಗಿದು ಬೇಡಿದ. ಊಟದ ಹೊತ್ತಿಗೆ ಮೇಜು ಖಾಲಿ. ಉಳಿದೊಂದು ಗೊಂಬೆ ಹೇಳದೆ ಕೇಳದೆ ಅಜ್ಜಿಯ ಚೀಲ ಸೇರಿತ್ತು.

ಅನ್ನದುಂಡೆ ತಿನ್ನುತ್ತ ಅಜ್ಜಿ ಕೇಳಿದಳು: "ಮುಂದಿನ ಸಲ ಯಾರು?"

"ಇನ್ನೂ ಯೋಚ್ನೆ ಮಾಡಿಲ್ಲ."

ಅಜ್ಜಿ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ನಮ್ಮ ಬೀದಿ ಸಂಘದ ಅಧ್ಯಕ್ಷ ಇದಾನಲ್ಲ, ಆ ಸೆಕಿನೆ. ಸಭೇಲಿ ನಿದ್ದೆ ಹೊಡೀತಾ ತಲೆ ಆಡಿಸ್ತಾನೆ. ಥೇಟ್ ಕಪ್ಪೆ ಬಾಯಿ. ಅವನಿಗೊಂದು ಬಾಲ ಹಾಕ್ಬೇಕು."

ಚಿಗುಸಾ ಪೆನ್ಸಿಲು ಹುಡುಕಿದಳು. "ಬಾಲಕ್ಕೆ ಮುಳ್ಳು?"

"ಧಾರಾಳವಾಗಿ ಹಾಕು. ಕೂತ್ರೆ ಅವನಿಗೇ ಚುಚ್ಬೇಕು."