ಬಾಗಿಲ ಚಿಲಕಕ್ಕೆ ಡಸ್ಟರ್

"ಬಿಗಿಯಾಗಿ ಹಿಡ್ಕೋ," ಎಂದೆ. ಒಗೆದ ಹೊದಿಕೆಯ ಎರಡು ಮೂಲೆ ಸೊಸೆಯ ಕೈಯಲ್ಲಿ, ಇನ್ನೆರಡು ನನ್ನ ಕೈಯಲ್ಲಿ. ಅವಳು ಕುರ್ಚಿಯಲ್ಲಿ ಕೂತು, ಪಟ್ಟಿ ಕಟ್ಟಿದ ಕಾಲನ್ನು ಸ್ಟೂಲಿನ ಮೇಲಿಟ್ಟಿದ್ದಳು. ನಾನು ಮಡಚುತ್ತ ಹತ್ತಿರ ಬರುವಷ್ಟರಲ್ಲಿ ಅವಳ ಕಣ್ಣು ಮತ್ತೆ ಮೊಬೈಲಿನ ಕಡೆ ಹೋಯಿತು. ಹೊದಿಕೆ ನೆಲಕ್ಕೆ ಜಾರಿತು.

"ಅತ್ತೆ, ಇದು ಕೆಟ್ಟಿರಬಹುದಾ?"

"ಬೆಳಿಗ್ಗೆ ನಿಮ್ಮಮ್ಮ ಅದರಲ್ಲೇ ಅಷ್ಟು ಹೊತ್ತು ನನ್ನ ಮೇಲೆ ಚಾಡಿ ಹೇಳಿದ್ರಲ್ಲ. ಚೆನ್ನಾಗೇ ಇದೆ."

"ಮತ್ತೆ ಸ್ಕೂಲಿಂದ ಒಬ್ರೂ ಯಾಕೆ ಫೋನ್ ಮಾಡಿಲ್ಲ?"

ಅವಳು ಶಾಲೆಯ ಮುಖ್ಯೋಪಾಧ್ಯಾಯಿನಿ. ಮೆಟ್ಟಿಲಲ್ಲಿ ಜಾರಿ ಬಿದ್ದು ಮನೆ ಹಿಡಿದು ಇದು ಎರಡನೇ ವಾರ. ಒಬ್ಬರ ಪಾಠಕ್ಕೆ ಇನ್ನೊಬ್ಬರು ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬೇಕು, ಆಮೇಲೆ ಕೂತು ಮಾತಾಡಬೇಕು ಎಂಬ ರೂಢಿಯನ್ನು ಅಲ್ಲಿ ತರಲು ಅವಳಿಗೆ ವರ್ಷಗಳೇ ಹಿಡಿದಿದ್ದವು. ಗೋಡೆಗೆ ಅದರದೇ ವೇಳಾಪಟ್ಟಿ ಅಂಟಿಸಿ, ಒಬ್ಬೊಬ್ಬರನ್ನೂ ತಾನೇ ಕುರ್ಚಿಯಿಂದ ಎಬ್ಬಿಸಿ ಕಳಿಸುತ್ತಿದ್ದಳು.

ಈಗ ಮೇಲಿನವರು ಅವಳನ್ನು ನೆಲಕಚ್ಚಿದ ಇನ್ನೊಂದು ಶಾಲೆಗೆ ಕರೆಯುತ್ತಿದ್ದರು. ಒಪ್ಪಿಗೆ ಪತ್ರ ಬರೆದಾಗಿತ್ತು. ಬೀಳುವ ಮೊದಲಿನಿಂದಲೂ ಅದು ಅವಳ ಚೀಲದಲ್ಲೇ ಇತ್ತು. ಹಿಂದಿನ ಶಾಲೆಯಲ್ಲಿ ಅವಳು ಕಟ್ಟಿದ ಓದುವ ಕೋಣೆ, ಅವಳು ಬಿಟ್ಟು ಬಂದ ಮರುವರ್ಷವೇ ಮುರುಕು ಬೆಂಚುಗಳ ಗೋದಾಮಾಗಿತ್ತು. ಕಿಟಕಿಯಿಂದ ಇಣುಕಿ ನೋಡಿ ಬಂದ ದಿನ ಅವಳು ಊಟ ಮಾಡಿರಲಿಲ್ಲ.

"ನಾನಿದ್ದಾಗ ಮಾತ್ರ ನಡೆಯೋದಾದ್ರೆ ಅದು ಬರೀ ಕಾವಲು, ಅತ್ತೆ. ಇಲ್ಲೂ ಹಾಗೇ ಆಗಿದ್ರೆ ಯಾವ ಮುಖ ಹೊತ್ಕೊಂಡು ಇನ್ನೊಂದು ಸ್ಕೂಲಿಗೆ ಹೋಗ್ಲಿ?"

ನಾನು ಅಕ್ಷರ ಕಲಿತ ರಾತ್ರಿ ಶಾಲೆಯ ಮೇಷ್ಟ್ರಿಗೆ ವರ್ಗವಾದ ಮೇಲೂ ನಾವು ಹೆಂಗಸರೇ ದೀಪ ಹಚ್ಚಿಕೊಂಡು ಕಾಗುಣಿತ ತಿದ್ದುತ್ತಿದ್ದೆವು. ಹೇಳೋಣವೆನಿಸಿತು. ಆದರೆ ಅವಳು ಉಗುರು ಕಚ್ಚುತ್ತಿದ್ದಳು.

ಗೇಟು ಕಿರುಗುಟ್ಟಿತು. ಅವಳ ಶಾಲೆಯ ಲೆಕ್ಕದ ಮೇಷ್ಟ್ರು. "ನಿನ್ನೆ ಮೊನ್ನೆ ಬಂದೋರು ನನ್ನ ಪಾಠ ಪರೀಕ್ಷೆ ಮಾಡ್ತಾರಾ?" ಎಂದು ಮೊದಲ ದಿನವೇ ಸಿಡಿದಿದ್ದವರು ಇವರೇ.

"ಕಾಲು ಹೇಗಿದೆ ಮೇಡಂ?"

"ಕಾಲು ಹಾಗಿರ್ಲಿ. ಸ್ಕೂಲು ಹೇಗಿದೆ?"

ನಾನು ಕೊಟ್ಟ ನೀರನ್ನು ಅವರು ಮುಟ್ಟಲಿಲ್ಲ. "ನಿಮ್ಮ ವೇಳಾಪಟ್ಟಿ ಕಿತ್ತು ಹಾಕಿದ್ದೀವಿ."

ಸೊಸೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. "ಯಾರು ಕಿತ್ತಿದ್ದು?"

"ನಾನೇ. ಸರದಿ ಪ್ರಕಾರ ಹೋದ್ರೆ ಚೆನ್ನಾಗಿ ನಡೀತಿರೋ ಪಾಠಕ್ಕೇ ಹೋಗಿ ಕೂತ್ಕೋತೀವಿ, ಒದ್ದಾಡ್ತಿರೋರ ಹತ್ರ ಯಾರೂ ಇರಲ್ಲ. ಈಗ ಯಾರಿಗೆ ಪಾಠ ಮುಂದೆ ಸಾಗ್ತಿಲ್ವೋ ಅವರು ಡಸ್ಟರನ್ನ ಬಾಗಿಲ ಚಿಲಕಕ್ಕೆ ನೇತು ಹಾಕ್ತಾರೆ. ಬಿಡುವಿದ್ದೋರು ಹೋಗಿ ಕೂತ್ಕೋತಾರೆ."

"ಮೊದಲು ಹಾಕಿದ್ದು ಯಾರು?"

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. "ಭಿನ್ನರಾಶಿ, ಮೇಡಂ. ಪ್ರತಿ ವರ್ಷ ಅರ್ಧ ಕ್ಲಾಸಿಗೆ ತಲೆಗೇ ಹೋಗಲ್ಲ."

"ಅರ್ಧ ಅಂತ ನಿಮಗಾದ್ರೂ ಗೊತ್ತಾಯ್ತಲ್ಲ," ಎಂದೆ ನಾನು.

ಸೊಸೆ ನಗಲಿಲ್ಲ. "ನನ್ನನ್ನ ಒಂದು ಮಾತು ಕೇಳ್ಬಹುದಿತ್ತು."

"ಕೇಳ್ಬೇಕು ಅಂತ ಯಾರಿಗೂ ನೆನಪೇ ಆಗ್ಲಿಲ್ಲ," ಎಂದವರು ನಾಲಿಗೆ ಕಚ್ಚಿಕೊಂಡರು.

ಅವಳಿಗೆ ನೋವಾಗಿತ್ತು, ಕಾಣುತ್ತಿತ್ತು. ನಾನು ನೆಲದ ಹೊದಿಕೆ ಎತ್ತಿಕೊಂಡು ಒಬ್ಬಳೇ ಮಡಚಿದೆ. ಕೊನೆಗೆ ಅವಳು ಚೀಲಕ್ಕೆ ಕೈ ಹಾಕಿ ಲಕೋಟೆ ತೆಗೆದಳು.

"ಹೋಗ್ತಾ ಇದನ್ನ ಅಂಚೆ ಡಬ್ಬಕ್ಕೆ ಹಾಕಿಬಿಡಿ ಸರ್."

ಮೇಷ್ಟ್ರು ವಿಳಾಸ ಓದಿದರು. ಏನೆಂದು ತಿಳಿಯಿತು. "ಹಾಗಾದ್ರೆ ಹೋಗೋದೇ ಅಂತೀರಾ? ಆ ಸ್ಕೂಲಲ್ಲಿ ಬಾಗಿಲಿಗೆ ಚಿಲಕಾನೇ ಇಲ್ವಂತೆ."

"ಹಾಕಿಸ್ಕೋತಾರೆ ಬಿಡಿ."

ಕಿಟಕಿಯಲ್ಲಿ ನಿಂತು ನೋಡಿದೆ. ತಿರುವಿನ ಡಬ್ಬದ ಮುಂದೆ ಅವರು ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸುತ್ತ ನಿಂತೇ ಇದ್ದರು.

"ಹಾಕಿದ್ರಾ ಅತ್ತೆ?"

"ತಾಳು."

ಅವರು ಒಳಗೆ ಬಿಟ್ಟರು. ಬಿದ್ದಿದೆಯೋ ಇಲ್ಲವೋ ಎಂದು ಡಬ್ಬವನ್ನು ಒಮ್ಮೆ ತಟ್ಟಿ ನೋಡಿದರು.

"ಹಾಕಿದ್ರು," ಎಂದೆ.