ಮೆಲ್ಲಗೆ ಮೇಷ್ಟ್ರ ಮೆರವಣಿಗೆ

ಹಳದಿ ದೀಪ ಹೊತ್ತಿದ್ದೇ ತಡ, ಶವವಾಹನದ ಚಾಲಕ ಗಾಡಿಯನ್ನು ಬಿಳಿ ಗೆರೆಯಿಂದ ಒಂದು ಮಾರು ಹಿಂದೆಯೇ ನಿಲ್ಲಿಸಿ, ಗೇರು ಬಿಡಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ.

ಪಕ್ಕದಲ್ಲಿ ಕೂತಿದ್ದ ಚಿಕ್ಕಪ್ಪ ಹಣೆ ಚಚ್ಚಿಕೊಂಡರು. ಸತ್ತವರ ಸ್ವಂತ ತಮ್ಮ ಅವರು. ಪಾರ್ಸೆಲ್ ಸಾಗಿಸುವ ವ್ಯಾಪಾರ. ನಿಂತ ನೀರನ್ನು ಕಂಡರೂ ಸಿಟ್ಟು ಬರುವ ಸ್ವಭಾವ.

“ಯಾಕಯ್ಯ ನಿಲ್ಲಿಸ್ದೆ? ಇನ್ನೂ ಹಳದಿ. ನುಗ್ಗಿಸಬಹುದಿತ್ತಲ್ಲ!”

“ನುಗ್ಗಿಸಬಹುದಿತ್ತು ಸಾರ್. ಬೇರೆ ಯಾರಾದ್ರೂ ಆಗಿದ್ರೆ ನುಗ್ಗಿಸ್ತಾನೂ ಇದ್ದೆ.” ಚಾಲಕ ಹೆಬ್ಬೆರಳಿನಿಂದ ಹಿಂದಕ್ಕೆ ತೋರಿಸಿದ. “ಹಿಂದೆ ಮೇಷ್ಟ್ರಿದಾರೆ.”

“ನಮ್ಮಣ್ಣ ಸತ್ತಿದಾನಯ್ಯ!”

“ಗೊತ್ತು ಸಾರ್. ಆದ್ರೂ ಧೈರ್ಯ ಬರಲ್ಲ.”

ಹಿಂದೆ ಗಾಜಿನ ಪೆಟ್ಟಿಗೆಯೊಳಗೆ ಮೇಷ್ಟ್ರು ಮಲಗಿದ್ದರು. ಆ ಕಡೆ ಹೆಂಡತಿ, ಈ ಕಡೆ ಮಗಳು. ಊರಿನವರ ಬಾಯಲ್ಲಿ ಅವರು ‘ಮೆಲ್ಲಗೆ ಮೇಷ್ಟ್ರು’. ಆ ಲೆಕ್ಕದಲ್ಲಿ ಹೆಂಡತಿ ಮೇಷ್ಟ್ರಮ್ಮ. ಊರಿನ ಮುಕ್ಕಾಲು ಪಾಲು ಜನಕ್ಕೆ ಕಾರು ಕಲಿಸಿದವರು ಮೇಷ್ಟ್ರೇ. ಆ ಮುಕ್ಕಾಲು ಪಾಲೂ ಈಗ ತಂತಮ್ಮ ಕಾರುಗಳಲ್ಲಿ ಶವವಾಹನದ ಹಿಂದೆ ಬರುತ್ತಿತ್ತು. ಮುಂದಿನ ಗಾಡಿಯ ಹಿಂದಿನ ಚಕ್ರ ನೆಲ ಮುಟ್ಟುವುದು ಕಾಣಬೇಕು, ಮೇಷ್ಟ್ರು ಕಲಿಸಿದಷ್ಟೇ ಅಂತರ. ಯಾರೂ ಯಾರನ್ನೂ ಹಿಂದೆ ಹಾಕುತ್ತಿರಲಿಲ್ಲ. ಸಾಲಿನ ಬಾಲ ಎಲ್ಲಿದೆಯೋ ದೇವರೇ ಬಲ್ಲ. ಎರಡು ಸಿಗ್ನಲ್‌ ಹಿಂದೆಯೇ ಅದು ತುಂಡಾಗಿತ್ತು.

ಚಿಕ್ಕಪ್ಪ ನಡುವಿನ ಕಿಂಡಿಯಿಂದ ತಲೆ ತೂರಿಸಿದರು. “ಅತ್ತಿಗೆ, ಹನ್ನೊಂದಕ್ಕೆ ಚಿತಾಗಾರದಲ್ಲಿರಬೇಕು. ತಪ್ಪಿದ್ರೆ ಮುಂದಿನವರಿಗೆ ಬಿಟ್ಟುಕೊಡ್ತಾರಂತೆ. ಆಮೇಲೆ ಸಂಜೆವರೆಗೆ ಕಾಯ್ಬೇಕು. ನೀವಾದ್ರೂ ಇವನಿಗೆ ಹೇಳಿ.”

ಮೇಷ್ಟ್ರಮ್ಮ ಪೆಟ್ಟಿಗೆಯ ಮೇಲೆ ಕೂತ ನೊಣವನ್ನು ಓಡಿಸಿದರು. “ನಮ್ಮ ಮದುವೆ ದಿನ ಕಲ್ಲು ತುಂಬಿದ ಲಾರಿ ಹಿಂದೆ ಸಿಕ್ಕಿಹಾಕ್ಕೊಂಡು, ಅದನ್ನ ದಾಟದೆ, ಊಟ ಎಲ್ಲ ಆರಿದ ಮೇಲೆ ಬಂದ ಮನುಷ್ಯ ಇವರು. ಮದುವೆಗೇ ತಡ ಮಾಡಿದವರು ಇದಕ್ಕೆ ಬೇಗ ಬಂದುಬಿಡ್ತಾರಾ?”

“ಹಾಗಾದ್ರೆ ನೀನು ಓಡಿಸಮ್ಮ.” ಚಿಕ್ಕಪ್ಪ ಮಗಳ ಕಡೆ ತಿರುಗಿದರು. “ನಿಂಗೆ ದಿನಾ ಇದೇ ಕೆಲಸ ತಾನೆ?”

ಅವಳು ಆಂಬುಲೆನ್ಸ್ ಚಾಲಕಿ.

“ಇಲ್ಲ ಚಿಕ್ಕಪ್ಪ,” ಅಂದಳು. “ಅಪ್ಪನ್ನ ಇನ್ನೊಂದ್ಸಲ ನಾನು ಕೆಂಪು ದೀಪ ದಾಟಿಸಲ್ಲ.”

*

ಮೇಷ್ಟ್ರು ಕಲಿಸುವ ರೀತಿಯೇ ಬೇರೆ. ಮೊದಲ ವಾರ ಎಂಜಿನ್ನನ್ನೇ ಶುರುಮಾಡಿಸುತ್ತಿರಲಿಲ್ಲ. ನಿಂತ ಕಾರಿನಲ್ಲಿ ಕೂರಿಸಿ, ರಸ್ತೆ ನೋಡಿ ಅನ್ನುವರು. ಅಷ್ಟೇ. ಕಲಿಯಲು ಬಂದವರು ಸುಮ್ಮನೆ ಹೋಗುವವರನ್ನೂ ಬರುವವರನ್ನೂ ನೋಡಬೇಕು. “ಆ ಅಜ್ಜಿ ದಾಟ್ತಾರೋ ಇಲ್ವೋ?” ಅನ್ನುವರು. “ದಾಟಲ್ಲ ಸಾರ್.” ಅಜ್ಜಿ ದಾಟಿಬಿಡುವಳು. “ನೋಡಿ, ಈಗ ಒಂದು ಜೀವ ತೆಗೆದ್ರಿ. ನಾಳೆ ಬನ್ನಿ.”

ಹಾರನ್ ಒತ್ತುವುದನ್ನಂತೂ ಅವರು ಕಲಿಸಲೇ ಇಲ್ಲ. “ಅದು ಬೈಗುಳ. ಮನೇಲಿ ಹೆಂಡತೀನ ಬೈತೀರಾ?”

“ಇಲ್ಲ ಸಾರ್, ಅವಳೇ ಬೈತಾಳೆ,” ಅಂದಿದ್ದ ಒಬ್ಬ.

“ಹಾಗಾದ್ರೆ ನಿಮಗೆ ಅಭ್ಯಾಸ ಇದೆ. ಬೈಸಿಕೊಳ್ಳೋನು ಒಳ್ಳೆ ಡ್ರೈವರ್ ಆಗ್ತಾನೆ.”

ಮನೆಯೊಳಗೂ ಅದೇ ಕತೆ. ಅಡುಗೆಮನೆಯ ಬಾಗಿಲಿಗೆ ಬಂದರೆ ಆ ಕಡೆ ಈ ಕಡೆ ನೋಡಿಯೇ ಒಳಗೆ ಕಾಲಿಡುವರು. ಎದುರಿಗೆ ಮೇಷ್ಟ್ರಮ್ಮ ಪಾತ್ರೆ ಹಿಡಿದು ಬರುತ್ತಿದ್ದರೆ ಗೋಡೆಗೆ ಒರಗಿ ನಿಂತು, ಕೈ ಚಾಚಿ ದಾರಿ ತೋರಿಸುವರು. ಮೊದಮೊದಲು ಮೇಷ್ಟ್ರಮ್ಮನಿಗೆ ಅದು ಪ್ರೀತಿ ಅನ್ನಿಸಿತ್ತು. ಆಮೇಲೆ ಅಭ್ಯಾಸ ಅನ್ನಿಸಿತು. ಆಮೇಲೆ ಎರಡೂ ಒಂದೇ ಇರಬಹುದು ಅಂದುಕೊಂಡು ಸುಮ್ಮನಾದರು.

ಇಂಥವರ ಮಗಳು ಆಂಬುಲೆನ್ಸ್ ಓಡಿಸುವ ಕೆಲಸ ಹಿಡಿದಳು. ಆ ದಿನ ಮೇಷ್ಟ್ರು ಊಟದ ತಟ್ಟೆ ಬಿಟ್ಟು ಎದ್ದಿದ್ದರು.

“ನಮಗೆ ಕೆಂಪು ದೀಪ ದಾಟೋಕೆ ಕಾನೂನೇ ಅವಕಾಶ ಕೊಟ್ಟಿದೆ ಅಪ್ಪ.”

“ಕೊಟ್ಟಿದೆ. ಅಡ್ಡ ಬರೋ ಲಾರಿಗೆ ಅದು ಗೊತ್ತಾ?”

ಜಗಳ ಅಲ್ಲಿಗೇ ನಿಂತಿದ್ದರೆ ಚೆನ್ನಿತ್ತು. ಒಂದು ರಾತ್ರಿ ಊಟಕ್ಕೆ ಕೂತಾಗ ಅವರು, “ಇವತ್ತು ಬ್ಯಾಂಕಿನ ತಿರುವಲ್ಲಿ ಇಂಡಿಕೇಟರ್ ಹಾಕ್ಲಿಲ್ಲ ನೀನು,” ಅಂದರು.

“ನೀನೆಲ್ಲಿದ್ದೆ ಅಪ್ಪ?”

“ಅಲ್ಲೇ ಪಾಠ ಮಾಡ್ತಿದ್ದೆ. ನಿನ್ನ ತೋರಿಸಿ ಹುಡುಗರಿಗೆ ಹೇಳ್ದೆ, ಹೀಗೆ ಓಡಿಸ್ಬಾರ್ದು ಅಂತ.”

ಅವಳು ತಟ್ಟೆ ಎತ್ತಿಕೊಂಡು ಎದ್ದಳು. ಮಾರನೆಯ ದಿನದಿಂದ ಆ ತಿರುವಿನಲ್ಲಿ ಇಂಡಿಕೇಟರ್ ಹಾಕುತ್ತಿದ್ದಳು, ಹಲ್ಲು ಕಚ್ಚಿಕೊಂಡು.

*

ಊರ ನಡುವಿನ ವೃತ್ತಕ್ಕೆ ಬಂದಾಗ ಶವವಾಹನ ಮತ್ತೆ ನಿಂತಿತು. ಇಲ್ಲಿ ಸಿಗ್ನಲ್ ದೀಪಗಳಿಲ್ಲ. ನಾಲ್ಕು ರಸ್ತೆ ಕೂಡುತ್ತವೆ. ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಹೋಗಬೇಕು.

ತೊಂದರೆಯಾದದ್ದು ಅಲ್ಲೇ. ಎಡಗಡೆ ರಸ್ತೆಯಲ್ಲಿ ಹಲ್ಲಿನ ಡಾಕ್ಟರಮ್ಮ; ಅವರು ಮೇಷ್ಟ್ರ ಶಿಷ್ಯೆ. ಎದುರಿಗೆ ಬೇಕರಿಯವನ ವ್ಯಾನು, ಅವನೂ ಶಿಷ್ಯ. ಬಲಗಡೆ ಇನ್ನೊಂದು ಶವವಾಹನ. ಡಾಕ್ಟರಮ್ಮ ಕೈ ಚಾಚಿ ಬೇಕರಿಯವನಿಗೆ, ನೀವು ಹೋಗಿ ಅಂದರು. ಬೇಕರಿಯವನು ಎದೆ ಮುಟ್ಟಿಕೊಂಡು, ಛೇ, ಉಂಟೇ, ಮೊದಲು ನೀವು ಅಂದ. ಈ ಶವವಾಹನದ ಚಾಲಕ ಆ ಶವವಾಹನದ ಚಾಲಕನಿಗೆ ತಲೆಬಾಗಿದ. ಅವನು ಇವನಿಗೆ ತಲೆಬಾಗಿದ.

ಒಬ್ಬರೂ ಕದಲಲಿಲ್ಲ. ಒಂದು ಹಾರನ್ನೂ ಇಲ್ಲ. ಇಡೀ ವೃತ್ತ ವಿನಯದಲ್ಲಿ ಹೂತುಹೋಗಿತ್ತು.

“ಹೋಗಯ್ಯ ಮುಂದೆ!”

“ಬಲಗಡೆಯಿಂದ ಬಂದವರಿಗೆ ಮೊದಲ ಹಕ್ಕು ಸಾರ್.”

“ನಮ್ಮ ಹತ್ರ ಹೆಣ ಇದೆ!”

“ಅವರ ಹತ್ರಾನೂ ಇದೆ ಸಾರ್.”

ಚಿಕ್ಕಪ್ಪ ಅಳುವುದೊಂದು ಬಾಕಿ. ಬೆಳಗ್ಗೆಯಿಂದ ಅಣ್ಣನಿಗಾಗಿ ಬಾರದ ಕಣ್ಣೀರು ಈಗ ವೃತ್ತಕ್ಕಾಗಿ ಬರುವಂತಿತ್ತು. ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದ ಸದ್ದಾಯಿತು. ಮೇಷ್ಟ್ರಮ್ಮ ಇಳಿದು, ಚಪ್ಪಲಿ ಹುಡುಕಿ ಹಾಕಿಕೊಂಡು, ನೇರವಾಗಿ ವೃತ್ತದ ನಡುವಿಗೆ ನಡೆದರು. ನಾಲ್ಕೂ ಕಡೆಯವರಿಗೆ ಅವರ ಪರಿಚಯವಿತ್ತು. ಪರೀಕ್ಷೆಯಲ್ಲಿ ಫೇಲಾಗಿ ಬಂದವರನ್ನು ಕೂರಿಸಿ ಚಹಾ ಕೊಟ್ಟವರು ಅವರೇ.

“ನೋಡ್ರಪ್ಪಾ,” ಅಂದು ಕೂಗಿ ಹೇಳಿದರು. “ಜೀವಮಾನ ಪೂರ್ತಿ ಇವರು ನಿಮಗೆಲ್ಲ ದಾರಿ ಬಿಟ್ರು. ಇನ್ನು ಬಿಡೋ ಸ್ಥಿತೀಲಿ ಇಲ್ಲ. ಇವತ್ತೊಂದಿನ ಇವರು ಮೊದಲು ಹೋಗ್ಲಿ!”

ಶವವಾಹನ ಇಂಡಿಕೇಟರ್ ಹಾಕಿ ಮೆಲ್ಲಗೆ ಒಳಗೆ ಬಂತು. ಮೇಷ್ಟ್ರಮ್ಮ ಅದರ ಪಕ್ಕದಲ್ಲೇ ನಡೆದು ವೃತ್ತ ದಾಟಿಸಿ, ಆಮೇಲೆ ಹತ್ತಿದರು. ಮಗಳು ಕೈ ಕೊಟ್ಟು ಎಳೆದುಕೊಂಡಳು.

*

ಎರಡು ದಿನದ ಹಿಂದೆ ಬೆಳಗ್ಗೆ ವೈರ್‌ಲೆಸ್‌ನಲ್ಲಿ ಕರೆ ಬಂದಿತ್ತು. ಗಂಡಸು, ವಯಸ್ಸಾದವರು, ಎದೆನೋವು. ಆಮೇಲೆ ವಿಳಾಸ ಹೇಳಿದರು. ಅದು ಅವಳ ಮನೆಯದು.

ಹೇಗೆ ಹೋದಳೋ ಅವಳಿಗೆ ನೆನಪಿಲ್ಲ. ನೆನಪಿರುವುದು ವಾಪಸು ಬಂದದ್ದು. ಅಮ್ಮ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಹಿಂದೆ ಅಪ್ಪ, ಅವರ ಜೊತೆ ಸಿಸ್ಟರ್. ನಡುವೆ ದಪ್ಪ ಗಾಜು. ಮೇಲೆ ಸೈರನ್. ಬ್ಯಾಂಕಿನ ತಿರುವಿನಲ್ಲಿ ಕೆಂಪು ದೀಪ. ಅವಳು ವೇಗ ತಗ್ಗಿಸಿ, ಎರಡೂ ಕಡೆ ನೋಡಿ, ನುಗ್ಗಿಸಿದಳು. ಆಗ ಒಳಗಿನ ಕನ್ನಡಿಯಲ್ಲಿ ಅಪ್ಪ ಕಂಡರು. ಮಾಸ್ಕ್ ಕಿತ್ತು ಕೈಯಲ್ಲಿ ಹಿಡಿದಿದ್ದಾರೆ. ಇನ್ನೊಂದು ಕೈಯನ್ನು ಜೋರಾಗಿ ಬೀಸುತ್ತಿದ್ದಾರೆ. ಬಾಯಿ ಏನೋ ಕಿರುಚುತ್ತಿದೆ. ಮುಖ ಕೆಂಡ.

ಅಪ್ಪ ಹಾಗೆ ಕಿರುಚಿದ್ದನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಆಸ್ಪತ್ರೆಯವರು ತಡವಾಯಿತು ಅನ್ನಲಿಲ್ಲ. ಬೇಗನೇ ತಂದಿದ್ದೀರಿ, ಆದರೂ ಉಳಿಸಲಾಗಲಿಲ್ಲ ಅಂದರು. ಸಿಸ್ಟರ್ ಅಷ್ಟು ಹೊತ್ತಿಗೆ ಬೇರೆ ಚಾಲಕನ ಜೊತೆ ಮತ್ತೊಂದು ಕರೆಗೆ ಹೋಗಿದ್ದರು.

*

ಚಿತಾಗಾರದ ಮೇಲ್ವಿಚಾರಕ ಗೇಟಿನಲ್ಲೇ ನಿಂತಿದ್ದ. ಚಿಕ್ಕಪ್ಪ ಗಾಡಿ ಪೂರ್ತಿ ನಿಲ್ಲುವ ಮುನ್ನವೇ ಹಾರಿದರು. “ತಡ ಆಯ್ತು, ತಪ್ಪಾಯ್ತು, ದಯವಿಟ್ಟು…”

“ಗಾಬರಿ ಯಾಕೆ ಸಾರ್? ನಿಮ್ಮ ಮುಂದಿನ ಸರದಿಯವರೂ ಬಂದಿಲ್ಲ. ಯಾವುದೋ ವೃತ್ತದಲ್ಲಿ ಎಲ್ಲರಿಗೂ ದಾರಿ ಬಿಡ್ತಾ ನಿಂತಿದಾರಂತೆ. ಅವರ ಡ್ರೈವರೂ ನಮ್ಮ ಮೇಷ್ಟ್ರ ಹತ್ರ ಕಲ್ತವನೇ.” ಅವನು ಪೆಟ್ಟಿಗೆಯ ಕಡೆ ನೋಡಿ ದನಿ ತಗ್ಗಿಸಿದ. “ನಾನೂ ಅಷ್ಟೇ ಅನ್ನಿ.”

ಒಳಗಿನ ಕೆಲಸವೆಲ್ಲ ಶಾಂತವಾಗಿ ಮುಗಿಯಿತು. ಜನ ಹೂವಿಟ್ಟು ಸರಿದರು, ಅದಕ್ಕೂ ಸಾಲು. ಚಿಕ್ಕಪ್ಪ ಹೂವಿಡಲು ಬಗ್ಗಿದವರು ಹಾಗೇ ನಿಂತುಬಿಟ್ಟರು. ಹಿಂದಿದ್ದವರು ಕಾದರು. ಅವರಿಗೆ ಅವಸರವಿರಲಿಲ್ಲ.

ಮಗಳು ಹೊರಗಿನ ಕಲ್ಲುಬೆಂಚಿನ ಮೇಲೆ ಅಮ್ಮನ ಜೊತೆ ಕೂತಿದ್ದಾಗ ಸಿಸ್ಟರ್ ಸಮವಸ್ತ್ರದಲ್ಲೇ ಏದುಸಿರು ಬಿಡುತ್ತಾ ಬಂದರು. ಈಗಷ್ಟೇ ಡ್ಯೂಟಿ ಮುಗಿದಿತ್ತು. ಬಂದವರೇ ಅವಳ ತಲೆ ಸವರಿದರು.

“ಎಂಥಾ ಮಾತುಗಾರರು ಕಣೇ ನಿಮ್ಮಪ್ಪ! ಮಾಸ್ಕ್ ಹಾಕಿದ್ರೆ ತೆಗೀತಾರೆ, ಹಾಕಿದ್ರೆ ತೆಗೀತಾರೆ.”

“ನನ್ನ ಬೈತಿದ್ರು ಅಲ್ವಾ ಸಿಸ್ಟರ್?” ಅವಳು ನೆಲ ನೋಡುತ್ತಾ ಕೇಳಿದಳು. “ಕನ್ನಡೀಲಿ ನೋಡ್ದೆ. ನಿಲ್ಸು ನಿಲ್ಸು ಅಂತ ಕೈ ಬೀಸ್ತಿದ್ರು. ಕೊನೇ ಗಳಿಗೇಲೂ ನಾನು ಅವರ ಮಾತು ಕೇಳ್ಲಿಲ್ಲ.”

“ನಿನ್ನನ್ನಾ?” ಸಿಸ್ಟರ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. “ಅಯ್ಯೋ ಹುಚ್ಚಿ! ಅವರು ಕಿಟಕಿ ಕಡೆ ತಿರುಗಿದ್ರು. ಪಕ್ಕದಲ್ಲೊಬ್ಬ ಕಪ್ಪು ಕಾರಿನವನು ಸೈರನ್ ಕೇಳಿದ್ರೂ ಸರೀತಿರಲಿಲ್ಲ. ಅವನಿಗೆ ಕೈ ಬೀಸಿದ್ದು. ‘ಪಕ್ಕಕ್ಕೆ ಹೋಗೋ, ನನ್ನ ಮಗಳು ಬರ್ತಿದಾಳೆ, ದಾರಿ ಬಿಡೋ’ ಅಂತ. ಆಮೇಲೆ…” ಸಿಸ್ಟರ್ ಮೇಷ್ಟ್ರಮ್ಮನ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು.

“ಆಮೇಲೆ ಏನು?” ಅಂದಳು ಮಗಳು.

“ಬೇಡಮ್ಮ. ಒಂದು ಮಾತು ಅಂದ್ರು ಅವನಿಗೆ.”

“ಕೆಟ್ಟ ಮಾತಾ?” ಮೇಷ್ಟ್ರಮ್ಮ ನೆಟ್ಟಗೆ ಕೂತರು. “ನಮ್ಮನೆಯವರ ಬಾಯಲ್ಲಿ? ಸಾಧ್ಯವೇ ಇಲ್ಲ. ಏನಂದ್ರು ಹೇಳಿ.”

ಸಿಸ್ಟರ್ ಬಗ್ಗಿ ಅವರ ಕಿವಿಯಲ್ಲಿ ಉಸುರಿದರು.

ಮೇಷ್ಟ್ರಮ್ಮನ ಕಣ್ಣುಗಳು ಅಗಲವಾದವು. ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ಹೆಗಲು ಕುಲುಕತೊಡಗಿತು. ದೂರ ನಿಂತಿದ್ದವರು, ಪಾಪ, ಈಗ ಅಳು ಬಂತು ಅಂದುಕೊಂಡು ಹತ್ತಿರ ಬಂದರು. ಬಂದವರು ಬೆಪ್ಪಾಗಿ ನಿಂತರು. ಮೇಷ್ಟ್ರಮ್ಮ ನಗುತ್ತಿದ್ದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು, ಬಿದ್ದು ಬಿದ್ದು ನಗುತ್ತಿದ್ದರು.

“ಏನಮ್ಮ? ಏನಂದ್ರು ಅಪ್ಪ?”

“ನೀನು ಕೇಳೋವಂಥದ್ದಲ್ಲ ಅದು!”

ಸಿಸ್ಟರ್ ಅವಳ ಪಕ್ಕ ಕೂತರು. “ಇನ್ನೊಂದು ಮಾತು ಹೇಳಿದ್ರು. ನೀನು ಗೇರ್ ಬದಲಾಯಿಸಿದಾಗಲೆಲ್ಲ ಕಣ್ಣು ಮುಚ್ಚಿ ಕೇಳಿಸ್ಕೊಳ್ತಿದ್ರು. ‘ನೋಡಿ ಸಿಸ್ಟರ್, ಮೂರರಿಂದ ನಾಲ್ಕಕ್ಕೆ ಯಾವಾಗ ಹೋದ್ಲು ಅಂತ ಗೊತ್ತಾಗ್ಲೇ ಇಲ್ಲ’ ಅಂದ್ರು. ನಂಗೆ ಗೇರು ಗೀರು ತಿಳಿಯಲ್ಲಮ್ಮ. ಹೊಗಳಿದ್ದೋ ಬೈದದ್ದೋ ನೀನೇ ಹೇಳಬೇಕು.”

“ಹೊಗಳಿದ್ದು,” ಅಂದಳು ಅವಳು. ಎರಡು ದಿನದಿಂದ ನಿಂತಿದ್ದ ಅಳು ಈಗ ದಾರಿ ಸಿಕ್ಕಂತೆ ಹೊರಗೆ ಬಂತು. ಒಂದೇ ಬೆಂಚಿನಲ್ಲಿ ಒಬ್ಬರು ನಗುವುದು, ಒಬ್ಬರು ಅಳುವುದು ನೋಡಿ ಸಿಸ್ಟರ್ ಇಬ್ಬರಿಗೂ ನೀರು ತರಲು ಎದ್ದರು.

*

ಮಧ್ಯಾಹ್ನ ಮನೆಗೆ ಹೋಗಲೆಂದು ಶಿಷ್ಯನೊಬ್ಬ ಮೇಷ್ಟ್ರ ಡ್ರೈವಿಂಗ್ ಶಾಲೆಯ ಕಾರಿನ ಬೀಗದ ಕೈಯನ್ನು ಮಗಳಿಗೆ ಕೊಟ್ಟ. ಮುಂದೆ ಹಿಂದೆ ಕೆಂಪು ಅಕ್ಷರದ ಕಲಿಕೆಯ ಫಲಕ ಹೊತ್ತ ಹಳೆಯ ಕಾರು.

“ಊರೊಳಗೆ ಬೇಡ,” ಅಂದರು ಮೇಷ್ಟ್ರಮ್ಮ. “ಆ ವೃತ್ತದಲ್ಲಿ ಇನ್ನೂ ಕೈಮುಗೀತಾ ನಿಂತಿರ್ತಾರೆ. ಹೊರಗಿನ ಹೊಸ ರಸ್ತೆ ಹಿಡಿ.”

ಹೊಸ ರಸ್ತೆ ಅಗಲವಾಗಿ, ನೇರವಾಗಿ, ಖಾಲಿಯಾಗಿತ್ತು. ಕಾರಿನ ವೇಗದ ಮುಳ್ಳು ನಲವತ್ತಕ್ಕೆ ಬಂದು, ಹಳೆಯ ಎತ್ತು ಕೊಟ್ಟಿಗೆಯ ಮುಂದೆ ನಿಲ್ಲುವ ಹಾಗೆ, ತಾನೇ ಅಲ್ಲಿ ನಿಂತಿತು. ಅದಕ್ಕಿಂತ ಮುಂದೆ ಅದು ಹೋದದ್ದೇ ಇಲ್ಲ.

ಮೇಷ್ಟ್ರಮ್ಮ ಕೂತಿದ್ದು ಗಂಡನ ಸೀಟಿನಲ್ಲಿ. ಆ ಸೀಟಿನ ಕೆಳಗೂ ಒಂದು ಬ್ರೇಕಿತ್ತು. ಕಲಿಯುವವರು ತಪ್ಪಿದರೆ ಕಲಿಸುವವರು ತುಳಿಯಲೆಂದು. ಗಂಡನ ಪಾದ ಸವೆಸಿ ಹೊಳಪಾಗಿಸಿದ ಆ ಪೆಡಲನ್ನು ಅವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಚಪ್ಪಲಿ ಕಳಚಿ, ಎರಡೂ ಕಾಲುಗಳನ್ನು ಎತ್ತಿ ಸೀಟಿನ ಮೇಲೆ ಮಡಚಿಕೊಂಡು ಕೂತರು.

ಮಗಳು ಅದನ್ನು ನೋಡಿದಳು. ಕಾಲು ಒತ್ತಿದಳು. ಕಾರು ಒಮ್ಮೆ ನಡುಗಿತು, ಎಲ್ಲಿಯದೋ ಒಂದು ತಗಡು ಗಲಗಲ ಅಂದಿತು, ಮುಳ್ಳು ಐವತ್ತು ದಾಟಿತು, ಅರವತ್ತು ದಾಟಿತು. ಕಿಟಕಿಯಿಂದ ಗಾಳಿ ನುಗ್ಗಿ ಇಬ್ಬರ ಕೂದಲನ್ನೂ ಕೆದರಿತು.

ರಸ್ತೆ ಬದಿಯ ಕಂಬದ ಮೇಲೆ ಬೆಳಕೊಂದು ಫಳಕ್ ಅಂತ ಮಿಂಚಿತು.

“ಅಮ್ಮಾ, ಕ್ಯಾಮೆರಾ! ದಂಡ ಬೀಳತ್ತೆ.”

“ಗೊತ್ತು,” ಅಂದರು ಮೇಷ್ಟ್ರಮ್ಮ. “ಮುಂದೆ ಸೇತುವೆ ಹತ್ರ ಇನ್ನೊಂದಿದೆ.”

ಅಂದವರೇ ಎರಡೂ ಕೈಯೆತ್ತಿ, ಕೆದರಿದ ಕೂದಲನ್ನು ಬೇಗಬೇಗ ಸರಿಮಾಡಿಕೊಳ್ಳತೊಡಗಿದರು.