ಹದಿನೇಳು ಖಾತೆಗೆ ಒಂದೇ ಫೋನು

ಗಿರಣಿಯವನು ಮೆಣಸಿನಕಾಯಿ ಬೀಸುವ ಯಂತ್ರಕ್ಕೆ ಐದು ಕಿಲೋ ಗೋಧಿ ಸುರಿದುಬಿಟ್ಟ. ಸುರಿದ ಮೇಲೆ ಹಣೆ ಹಣೆ ಚಚ್ಚಿಕೊಂಡ. ಎಲ್ಲ ಆಗಿದ್ದು ಜೇಬಿನಲ್ಲಿ ಬಡಿದುಕೊಳ್ಳುತ್ತಿದ್ದ ಆ ಹಾಳು ಫೋನಿನಿಂದ!

ಆರು ವರ್ಷದ ಹಿಂದೆ ಬ್ಯಾಂಕಿನವರು ಬೀದಿಗೇ ಬಂದು ಹೆಂಗಸರಿಗೆ ಖಾತೆ ತೆರೆದುಕೊಟ್ಟಿದ್ದರು. ಫೋನ್ ನಂಬರ್ ಕೇಳಿದಾಗ ಗಂಡಸರ ಫೋನೆಲ್ಲ ಗಂಡಸರ ಜೊತೆ ಕೆಲಸಕ್ಕೆ ಹೋಗಿದ್ದವು. ಇವನು ದೊಡ್ಡ ಮನುಷ್ಯನಂತೆ "ನನ್ನದೇ ಬರ್ಕೊಳ್ಳಿ" ಅಂದುಬಿಟ್ಟ. ಅಲ್ಲಿಂದ ಶುರುವಾಯಿತು ಗ್ರಹಚಾರ. ಹದಿನೇಳು ಹೆಂಗಸರಲ್ಲಿ ಯಾರು ಬ್ಯಾಂಕಿನ ಏಜೆಂಟನ ಹತ್ತಿರ ಹಣ ತೆಗೆದರೂ ಓಟಿಪಿ ಇವನಿಗೆ. ಮೋಟಾರು ನಿಲ್ಲಿಸಿ, ಹಿಟ್ಟಿನ ಕೈ ಒರೆಸಿಕೊಂಡು, ಮೂರು ನಿಮಿಷದೊಳಗೆ ಓದಿ ಹೇಳಬೇಕು.

ಇವತ್ತು ಅವನ ತಾಳ್ಮೆ ಕೆಟ್ಟಿತು. ಮೋಟಾರು ಆರಿಸಿ, ಹಿಟ್ಟಿಗೆ ಕಾದಿದ್ದ ಹೆಂಗಸರ ಮುಂದೆ ನಿಂತು ಕೂಗಾಡಿದ.

"ನಾಳೆನೇ ಬ್ಯಾಂಕಿಗೆ ಹೋಗಿ ನಿಮ್ಮ ನಿಮ್ಮ ನಂಬರ್ ಹಾಕಿಸ್ಕೊಳ್ಳಿ. ಇಲ್ದಿದ್ರೆ ಈ ಸಿಮ್ಮನ್ನ ಗೋಧಿ ಜೊತೆ ಬೀಸಿಬಿಡ್ತೀನಿ!"

ಇಸ್ತ್ರಿ ಅಂಗಡಿಯಾಕೆ ಮೆಲ್ಲಗೆ ಹೇಳಿದಳು.

"ನಮ್ಮ ಫೋನಿಗೆ ಬಂದ್ರೆ ಮೊದಲು ನೋಡೋರು ನಮ್ಮನೆಯವ್ರು, ಅಣ್ಣಾ. ಸಂಜೆಯೊಳಗೆ ದುಡ್ಡು ಮಾಯ. ನೀವು ಇಷ್ಟು ವರ್ಷದಲ್ಲಿ ಯಾರ ಹತ್ರನೂ ಬಾಯಿ ಬಿಟ್ಟಿಲ್ಲ. ನನ್ನ ಮಗಳ ಫೀಸು ಕಟ್ಟಿದ್ದು ಅದ್ರಿಂದ್ಲೇ."

ಅವನ ಸಿಟ್ಟು ಅರ್ಧಕ್ಕೆ ಇಳಿಯಿತು. ಆದರೂ ಬಿಗುಮಾನ ಬಿಡಲಿಲ್ಲ.

"ಎಂಥ ಗಂಡಂದಿರಮ್ಮಾ ನಿಮ್ಮೋರು! ನನ್ನ ಹೆಂಡ್ತೀನ ನೋಡಿ, ಖಾತೆನೇ ಬೇಡ ಅಂದ್ಲು."

ಹೆಂಗಸರು ಮುಖ ಮುಖ ನೋಡಿಕೊಂಡರು. ಅಷ್ಟರಲ್ಲಿ ಎದುರಂಗಡಿಯ ದರ್ಜಿ ಕೊರಳಲ್ಲಿ ಟೇಪು, ಕೈಯಲ್ಲಿ ಫೋನು ಹಿಡಿದು ಏದುಸಿರು ಬಿಡುತ್ತಾ ಬಂದ. ಗಿರಣಿ ಸದ್ದು ಮಾಡುತ್ತಿದೆ ಎಂದುಕೊಂಡು ಅಭ್ಯಾಸಬಲದಿಂದ ಹೆಂಗಸರತ್ತ ಕಿರುಚಿದ.

"ಗಿರಣಿ ಅತ್ತಿಗೆ ಎಲ್ಲಿ? ಅವರ ಓಟಿಪಿ ಬಂದು ಎರಡು ನಿಮಿಷ ಆಯ್ತು! ನಾನೇನು ಬಟ್ಟೆ ಹೊಲೀಲೋ, ಇದನ್ನ ಓದ್ತಾ ಕೂರ್ಲೋ?"

ಮೋಟಾರು ನಿಂತಿರುವುದು, ಎದುರಿಗೆ ಗಿರಣಿಯವನೇ ಇರುವುದು ಆಗ ಕಂಡಿತು. ದರ್ಜಿ ನಾಲಿಗೆ ಕಚ್ಚಿಕೊಂಡ.

ಬೈಯಲು ಬಾಯಿ ತೆರೆದ ಗಿರಣಿಯವನ ಕಣ್ಣು ಮೋಟಾರಿನ ಹೊಸ ಬೆಲ್ಟಿನ ಮೇಲೆ ಬಿತ್ತು. ಹೋದ ತಿಂಗಳು ಹೆಂಡತಿಯ ಡಬ್ಬಿಯಿಂದ ಹೇಳದೆ ಕೇಳದೆ ದುಡ್ಡು ತೆಗೆದು ತಂದ ಬೆಲ್ಟು ಅದು.

"ಏಜೆಂಟನ ಹತ್ರ ಇರ್ತಾಳೆ, ಓಡು. ಇನ್ನೊಂದೇ ನಿಮಿಷ ಇರೋದು," ಅಂದ. "ಮತ್ತೆ ನೋಡು, ನಾನೇನೂ ಕೇಳಿಸ್ಕೊಂಡಿಲ್ಲ."

ಹಾಗಂದು ಮೋಟಾರು ಹಾಕಿದ.